ಬಿಸಿ ತಿಳಿಯದ ಕೈ

ಜ್ವರ ಬಿಟ್ಟು ಒಂದು ವಾರವಾಗಿತ್ತು. ಒಲೆ ಮುಂದೆ ಕೂತು ರಾಗಿಮುದ್ದೆ ಕಟ್ಟುತ್ತಿದ್ದೆ. ಹೊಗೆಯಾಡುವ ಹಿಟ್ಟನ್ನು ಕೈಗೆ ನೀರು ಸೋಕಿಸದೆ ಉರುಳಿಸುತ್ತಿದ್ದುದನ್ನು ಕಂಡು ನಮ್ಮತ್ತೆಗೆ ಖುಷಿಯೋ ಖುಷಿ. “ಈಗ ಕೈ ಪಳಗ್ತು ನೋಡಮ್ಮಿ” ಅಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಒಂದು ಒಳ್ಳೇ ಮಾತಿಗೆ ಕಾದಿದ್ದವಳು, ಹಿಗ್ಗಿಹೋದೆ. ಊಟಕ್ಕೆ ಕೂತಾಗ ನೋಡಿಕೊಂಡರೆ ಅಂಗೈ ತುಂಬ ಬೊಬ್ಬೆ. ನೋವೇ ಇಲ್ಲ!

ಆಮೇಲೆ ಒಂದೊಂದೇ ಕೆಟ್ಟಿತು. ಎದ್ದು ನಿಂತರೆ ಕಣ್ಣು ಕತ್ತಲಾಗಿ ಬೀಳುತ್ತಿದ್ದೆ. ಬಾಯಿ ಒಣಗಿ ತುತ್ತು ಇಳಿಯುತ್ತಿರಲಿಲ್ಲ. ಉರಿಬಿಸಿಲಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ದರೂ ಹನಿ ಬೆವರಿಲ್ಲ, ಮೈ ಮಾತ್ರ ಕಾದ ಹೆಂಚು. ಅಕ್ಕೂರಿನ ನಮ್ಮ ಮನೆಗೆ ರೇಷ್ಮೆ ಹುಳುವೇ ಬದುಕು. ಹುಳುಮನೆಗೆ ಹೊಡೆದ ಔಷಧಿ ತಲೆಗೇರಿದೆ ಎಂದು ಎಲ್ಲರೂ ತೀರ್ಮಾನಿಸಿ, ಮಜ್ಜಿಗೆ ಕುಡಿಸಿದ್ದೇ ಕುಡಿಸಿದ್ದು.

ಕೊನೆಗೆ ನಮ್ಮೆಜಮಾನರು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಕಾಲಿಗೆ ಸೂಜಿ ಚುಚ್ಚಿದರೆ ನಾನು ಅವರ ಮುಖ ನೋಡುತ್ತ ಕೂತಿದ್ದೆ. ಕೈಕಾಲಿನ ಬಲಕ್ಕೇನೂ ಆಗಿರಲಿಲ್ಲ. ಜ್ವರದ ವಿರುದ್ಧ ಎದ್ದ ಮೈಯೊಳಗಿನ ಕಾವಲು ನನ್ನ ನರಗಳ ಮೇಲೇ ತಿರುಗಿ ಬಿದ್ದಿತ್ತಂತೆ. ಮುಟ್ಟಿದ್ದನ್ನು ತಿಳಿಸುವ ನರ, ಬೆವರು, ಬೀಪಿ ನೋಡಿಕೊಳ್ಳುವ ನರ, ಎಲ್ಲಕ್ಕೂ ಒಮ್ಮೆಗೇ ಪೆಟ್ಟು. “ತುಂಬಾ ಅಪರೂಪದ ಕಾಯಿಲೆ” ಅಂದರು. ನನಗೆ ಸಿಟ್ಟು ಬಂತು. ಇಂಥ ಅಪರೂಪ ಯಾರಿಗೆ ಬೇಕಿತ್ತು? ಡ್ರಿಪ್ಪು ಹಾಕಿ ಕಾಯಿಲೆ ನಿಲ್ಲಿಸಿದರು. ಕೈಗೆ ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು ಎಂದೂ ಹೇಳಿದರು.

ಅದೇ ನನ್ನ ದಿಗಿಲು. ಮೇವು ಬಿಟ್ಟು ಹಣ್ಣಾದ ಹುಳುವನ್ನು ಬೆರಳಲ್ಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಯ ಮೇಲೆ ಬಿಡಬೇಕು. ಕೊಂಚ ಒತ್ತಿದರೂ ಸತ್ತಿತು. ಊರಿಗೆ ಬಂದ ಮೇಲಿನ ಮೊದಲ ರೇಷ್ಮೆ ಬೆಳೆಯಲ್ಲಿ ಎಷ್ಟು ಹುಳು ಹಿಚುಕಿದೆನೋ. ಅತ್ತೆ ಬೈಯಲಿಲ್ಲ, ಮೆಲ್ಲಗೆ ತಟ್ಟೆ ಈಸಿಕೊಂಡರು. ಆವತ್ತು ನಾನು ಹಿತ್ತಿಲಲ್ಲಿ ಕೂತು ಕಣ್ಣೀರಿಟ್ಟೆ. ಆಮೇಲೆ ಬೆಳೆ ಮೇಲೆ ಬೆಳೆ ಹೋದರೂ ಹುಳುಮನೆ ಬಾಗಿಲಲ್ಲೇ ಕೂತಿರುತ್ತಿದ್ದೆ. ತಲೆಸುತ್ತು ಕಡಿಮೆಯಾಗಿ, ಕುತ್ತಿಗೆಯಲ್ಲಿ ಬೆವರು ಕಾಣಿಸಿಕೊಂಡಿತು. ಕೈ ಮಾತ್ರ ಮೊಂಡು.

ಈ ಸಲ ಹುಳುವೆಲ್ಲ ಒಟ್ಟಿಗೇ ಹಣ್ಣಾಗಿ ಆಳು ಸಾಲಲಿಲ್ಲ. ಯಾರನ್ನೂ ಕೇಳದೆ ಒಳಹೋಗಿ ಒಂದನ್ನು ಅಂಗೈ ಮೇಲಿಟ್ಟುಕೊಂಡೆ. ಅದು ತಲೆಯೆತ್ತಿ ಹೊರಳಿತು. ತಣ್ಣಗೆ ಏನೋ ಹರಿದಂತಾಯಿತು.

“ಅತ್ತೆ, ಕಚಗುಳಿ ಆಯ್ತೈತೆ!”

ಅತ್ತೆ ಬಂದವರೇ, “ಕಣ್ಣು ಮುಚ್ಕೊ” ಅಂದರು. ಇನ್ನೊಂದು ಹುಳು ಇಟ್ಟರು. “ಈಗ?” “ಎಲ್ಡು.” ಮತ್ತೊಂದು. “ಈಗ?” “ಮೂರು ಕಣತ್ತೆ.”

ಆಮೇಲೆ ಏನೂ ಇಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದೆ. ಅಂಗೈ ಅಂಚಿಗೆ ಬಿಸಿಯಾಗಿ ಹನಿಯೊಂದು ಬಿತ್ತು. ಅದೂ ತಿಳಿಯಿತು.