ಪಶ್ಚಿಮದ ಮರಳುದಿಬ್ಬ

ಜರ್ಸಿ ಸಿಟಿಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಎದುರಿನ ಗೋಡೆಗೆ ನಮ್ಮ ಯಜಮಾನರು ಒಂದು ನಕ್ಷೆ ಅಂಟಿಸಿದ್ದರು. ಪೆಸಿಫಿಕ್ ಸಾಗರದ ನಡುವಿನ ಒಂದು ಹವಳದ್ವೀಪ. ಒಂದು ಕಡೆ ಮುರಿದ ಬಳೆಯ ಹಾಗಿತ್ತು. ಮೊದಲು ಅಲ್ಲಿ ಬೆಂಕಿಬೆಟ್ಟವಿತ್ತಂತೆ. ಬೆಟ್ಟ ನಿಧಾನವಾಗಿ ಮುಳುಗಿತು, ಸುತ್ತಲಿನ ಹವಳ ಮಾತ್ರ ಮೇಲಕ್ಕೆ ಬೆಳೆಯುತ್ತಲೇ ಹೋಯಿತು. "ಬೆಟ್ಟ ಹೋಗಿದ್ದು ಹವಳಕ್ಕೆ ಗೊತ್ತೇ ಇಲ್ಲ ನೋಡು" ಅನ್ನುತ್ತಿದ್ದರು. ಆಮೇಲೆ ಕೊಬ್ಬರಿಗಾಗಿ ಬಂದವರು ತೆಂಗು ನೆಟ್ಟರು. ಯುದ್ಧಕ್ಕೆ ಬಂದವರು ಹವಳ ಕುಟ್ಟಿ ವಿಮಾನ ಇಳಿಯಲು ಹಾದಿ ಮಾಡಿದರು. ಎಲ್ಲರೂ ಬಿಟ್ಟುಹೋದರು. ಈಗ ಅಲ್ಲಿರುವುದು ಹಕ್ಕಿಗಳು, ತುಕ್ಕು ಹಿಡಿದ ಪೀಪಾಯಿಗಳು. ನೆಲದ ಅತಿ ಎತ್ತರದ ಜಾಗವೂ ಎರಡಾಳೆತ್ತರ ಮೀರುವುದಿಲ್ಲ.

ಇವರು ಅಲ್ಲಿಗೆ ಹೋದವರಲ್ಲ. ದಿನವೂ ಮ್ಯಾನ್‌ಹಟನ್ನಿನ ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದ ಮನುಷ್ಯ. ಆದರೆ ಪ್ರತಿ ಯುಗಾದಿಗೆ, ಬೇವು-ಬೆಲ್ಲ ತಿಂದಾದ ಮೇಲೆ, ಆ ವರ್ಷದ ಉಪಗ್ರಹ ಚಿತ್ರ ನೋಡಿಕೊಂಡು ದ್ವೀಪದ ದಡವನ್ನು ಪೆನ್ಸಿಲ್ಲಿನಲ್ಲಿ ಹೊಸದಾಗಿ ಎಳೆಯುತ್ತಿದ್ದರು. ಹಳೆಯ ಗೆರೆ ಅಳಿಸುತ್ತಿರಲಿಲ್ಲ. "ಎಲ್ಲರ ಮನೇಲಿ ಪಂಚಾಂಗ ಓದ್ತಾರೆ, ನಮ್ಮನೇಲಿ ಇದು" ಎಂದು ನಾನು ರೇಗಿಸುತ್ತಿದ್ದೆ. ಪಶ್ಚಿಮದ ಮರಳುದಿಬ್ಬದಲ್ಲಿ ಗೆರೆಗಳು ಒಂದರೊಳಗೊಂದು ಕುಗ್ಗುತ್ತಾ ಬಂದಿದ್ದವು.

ಹೋದ ಯುಗಾದಿಯ ಹೊತ್ತಿಗೆ ಇವರು ತುಂಬ ಸೊರಗಿದ್ದರು. ಡಾಕ್ಟರ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿರಲಿಲ್ಲ, ಮಗಳು ಮಾತ್ರ ಜೊತೆಗೆ ಹೋಗುತ್ತಿದ್ದಳು. ಆ ದಿನ ದಿಬ್ಬದ ಹತ್ತಿರ ಪೆನ್ಸಿಲ್ ನಿಂತಿತು. ಹಿಂದಿನ ವರ್ಷದ ಗೆರೆಯ ಮೇಲೆಯೇ ಇನ್ನೊಮ್ಮೆ ಎಳೆದರು.

"ಏನ್ರೀ, ಈ ಸಲ ಚಿಕ್ಕದಾಗಿಲ್ವಾ?"

"ಇಲ್ಲ ಕಣೇ, ಹಾಗೇ ಇದೆ."

"ನಿಮ್ಮ ರಿಪೋರ್ಟು?"

"ಅದೂ ಹಾಗೇ ಇದೆ."

ಬೇಸಿಗೆ ಮುಗಿಯುವ ಮೊದಲೇ ಹೋಗಿಬಿಟ್ಟರು.

ಕರ್ಮಗಳೆಲ್ಲ ಮುಗಿದ ಮೇಲೆ, ಚೌಕಟ್ಟು ಹಾಕಿಸಲು ಒಂದು ಒಳ್ಳೆಯ ಫೋಟೋ ಬೇಕೆಂದು ಇವರ ಲ್ಯಾಪ್‌ಟಾಪ್ ತೆಗೆದೆ. ಯುಗಾದಿಯ ದಿನ ನೋಡಿದ ಉಪಗ್ರಹ ಚಿತ್ರ ಅಲ್ಲೇ ಇತ್ತು. ವಿಮಾನದ ಹಾದಿ ಇತ್ತು, ತೆಂಗಿನ ಸಾಲು ಇತ್ತು. ಪಶ್ಚಿಮದಲ್ಲಿ ದಿಬ್ಬ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಬರೀ ನೀರು.

ಮಗಳು ಪಾತ್ರೆ ತೊಳೆಯುತ್ತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಪ್ಪಂಗೆ ಗೊತ್ತಿತ್ತಾ?"

ಅವಳು ನಲ್ಲಿ ನಿಲ್ಲಿಸಿದಳು. "ಫೆಬ್ರವರಿಯಲ್ಲೇ ಗೊತ್ತಿತ್ತು ಅಮ್ಮ. ಹಿ ಮೇಡ್ ಮಿ ಪ್ರಾಮಿಸ್."

ಫೆಬ್ರವರಿ. ಆಮೇಲೆ ಎಷ್ಟು ಸಲ ನಾವು ಮೂವರೂ ಆ ಮೇಜಿಗೆ ಕೂತು ಉಂಡಿದ್ದೆವೋ. ಅವರಿಬ್ಬರೂ ನನ್ನ ಮುಖ ನೋಡಿಕೊಂಡೇ ಅನ್ನ ಕಲಸಿದ್ದರು. ನಾನು ಫೋನು ಹಿಡಿದು, ಡಿಸೆಂಬರಿಗೆ ಮೈಸೂರಿಗೆ ಹೋಗಲು ಮೂರು ಟಿಕೆಟ್ ಹುಡುಕುತ್ತಿದ್ದೆ.