ನಾನು ನೋಡದ ಸೆಕೆಂಡ್ ಹಾಫ್

ನಾನು ಆಟಗಾರನಲ್ಲ. ಬಾಲ್ಯದಲ್ಲಿ ಒಮ್ಮೆ ಚೆಂಡು ಒದೆಯಲು ಹೋಗಿ ಪಕ್ಕದ ಕಲ್ಲನ್ನು ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡಿದ್ದೆ. ನನ್ನ ಫುಟ್ಬಾಲ್ ಅಲ್ಲಿಗೇ ಮುಗಿದಿತ್ತು. ಆದರೆ ಬಂಟ್ವಾಳದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಏಳೆಂಟು ವರ್ಷ ಆ ಆಟದ ಬಗ್ಗೆ ನನ್ನಷ್ಟು ಮಾತಾಡಿದವರು ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಆಡಲಾರದವನಿಗೆ ನಾಲಿಗೆಯೇ ಕಾಲು.

ನಾವು ಕೂರುತ್ತಿದ್ದದ್ದು ಪೇಟೆಯ ಒಂದು ಹೋಟೆಲಿನ ಜಗಲಿಯ ಬೆಂಚಿನಲ್ಲಿ. ಊರಿನ ತಂಡವನ್ನು ಸಾಕುತ್ತಿದ್ದವರು ಅಕ್ಕಿ ಮಿಲ್ಲಿನ ಧನಿ. ಚೆಂಡು, ಬನಿಯನ್ನು, ಮಂಗಳೂರಿಗೆ ಹೋಗುವ ಲಾರಿ ಎಲ್ಲವೂ ಅವರದೇ. ಫಸ್ಟ್ ಟೀಮಿಗೆ ಸೇರಿದವನಿಗೆ ಮಿಲ್ಲಿನಲ್ಲಿ ಖಾಯಂ ಕೆಲಸ ಎಂಬುದು ಅವರು ಮಾಡಿಕೊಂಡಿದ್ದ ಪದ್ಧತಿ. ಹೀಗಾಗಿ ಸೆಕೆಂಡ್ ಟೀಮಿನ ಹುಡುಗರಿಗೆ ಫಸ್ಟ್ ಟೀಮು ಎಂದರೆ ಬರೀ ಆಟವಲ್ಲ, ಹೊಟ್ಟೆಪಾಡು. ಆದರೆ ಧನಿಗೆ ಮಿಲ್ಲು ಬಿಟ್ಟು ಸೆಕೆಂಡ್ ಟೀಮಿನ ಆಟ ನೋಡಲು ಪುರುಸೊತ್ತಿರಲಿಲ್ಲ. ಯಾವ ಹುಡುಗ ಮೇಲೆ ಬರಬಹುದು ಎಂಬುದನ್ನು ಅವರು ಕೇಳಿ ತಿಳಿಯುತ್ತಿದ್ದದ್ದು ನಮ್ಮ ಬೆಂಚಿನಿಂದ. ಆದಿತ್ಯವಾರ ಬೆಳಿಗ್ಗೆ ಬಂದು ಎರಡು ಬನ್ಸ್ ತಿಂದು, ನಮ್ಮ ವಾದ ಕೇಳಿಸಿಕೊಂಡು, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಮುಂದಿನ ಪಟ್ಟಿಯಲ್ಲಿ ನಮ್ಮ ಮಾತು ಹೆಸರಾಗಿ ಬರುತ್ತಿತ್ತು. ಅದನ್ನು ಕಂಡು ನಮಗೆ ಎಷ್ಟು ಸೊಕ್ಕು ಏರಿತ್ತೆಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಬೆಂಚಿಗೆ ಒಂದೇ ನಿಯಮವಿತ್ತು. ಆಟವನ್ನು ಕಣ್ಣಾರೆ ಕಂಡವನು ಮಾತ್ರ ಅದರ ಬಗ್ಗೆ ಮಾತಾಡಬೇಕು. ನೋಡದ ಆಟಕ್ಕಾಗಿ ಇಬ್ಬರು ಕೈ ಕೈ ಮಿಲಾಯಿಸುವ ಹಂತಕ್ಕೆ ಹೋದ ಮೇಲೆ ನಮ್ಮಲ್ಲಿದ್ದ ಟೈಲರ್ ಇದನ್ನು ತಂದದ್ದು. ಕಂಡವನು ಹೇಳಿದ ಮೇಲೆ ಅಪೀಲಿಲ್ಲ. ಆಡಿದ ಹುಡುಗರನ್ನೂ ನಾವು ಕೇಳುತ್ತಿರಲಿಲ್ಲ. ತನ್ನ ಮಜ್ಜಿಗೆ ಹುಳಿ ಎಂದು ಯಾರೂ ಹೇಳುವುದಿಲ್ಲ ಎಂಬುದು ನಮ್ಮ ತರ್ಕ.

ನಮ್ಮ ಸೀಮೆ ಮದ್ರಾಸಿನಿಂದ ಬೇರೆಯಾಗಿ ಮೈಸೂರಿಗೆ ಸೇರಿದ ಮರುವರ್ಷ ಬೆಂಚು ಎರಡು ಪಾಲಾಯಿತು. ಫಸ್ಟ್ ಟೀಮಿನಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಅದಕ್ಕೆ ಇಬ್ಬರು ಹುಡುಗರು. ಒಬ್ಬ ಪೇಟೆಯವನು, ಜವಳಿ ಅಂಗಡಿಯವರ ಮಗ. ನಿಧಾನದ ಆಟ, ತಪ್ಪು ಕಡಿಮೆ. ಇನ್ನೊಬ್ಬ ನೇತ್ರಾವತಿಯ ಕಡವಿನಲ್ಲಿ, ದೋಣಿ ದಡ ಸೇರುವ ಜಾಗದಲ್ಲಿ, ಹೊಯಿಗೆ ಎಂದರೆ ಮರಳು ಹೊರುತ್ತಿದ್ದ ಹದಿನೆಂಟರ ಹುಡುಗ. ಅವನನ್ನು ನಾವು ಕಡವಿನವನು ಎನ್ನುತ್ತಿದ್ದೆವು. ಬರಿಗಾಲಿನಲ್ಲಿ ಆಡುತ್ತಿದ್ದ. ಚೆಂಡು ಸಿಕ್ಕಿದರೆ ಕೊಯ್ಲಾದ ಗದ್ದೆಯ ಕೂಳೆಯ ಮೇಲೂ ನಿಲ್ಲದೆ ಓಡುತ್ತಿದ್ದ. ಟೈಲರ್ ಅವನ ಪಕ್ಷ. ನಾನು ಪೇಟೆಯವನ ಪಕ್ಷ. ಯಾಕೆಂದು ಈಗ ಕೇಳಿದರೆ ನಿಜ ಹೇಳಬೇಕಲ್ಲ: ಅವನ ಅಪ್ಪ ದಾರಿಯಲ್ಲಿ ಕಂಡಾಗ ನನಗೆ ಎರಡೂ ಕೈ ಜೋಡಿಸಿ ನಮಸ್ಕರಿಸುತ್ತಿದ್ದರು.

ಆದರೆ ಬೆಂಚಿನಲ್ಲಿ ಅದನ್ನು ಹೇಳಲಾಗುವುದಿಲ್ಲ. ಕಾರಣ ಬೇಕು. ಕಡವಿನವನದು ಫಸ್ಟ್ ಹಾಫಿನ ಆಟ, ಸೆಕೆಂಡ್ ಹಾಫಿಗೆ ಅವನಿಗೆ ದಮ್ಮು ಸಾಲದು ಎಂದು ನಾನೊಂದು ಸಿದ್ಧಾಂತ ಹೂಡಿದೆ. ಯಾವುದೋ ಒಂದು ಮಳೆಯ ದಿನ ಅವನು ಆಟದ ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತದ್ದನ್ನು ಕಂಡಿದ್ದೆ, ಅಷ್ಟೇ ಆಧಾರ. ಒಂದು ತಿಂಗಳು ಅದನ್ನೇ ಹೇಳಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಟೈಲರ್ ಎಷ್ಟು ಚಾಷ್ಟಿ ಮಾಡಿ ನಕ್ಕರೂ ನಾಲ್ಕನೆಯ ಕಾಲನ್ನು ನಾನು ಒಪ್ಪಲಿಲ್ಲ.

ಆಗ ಮೂಡಬಿದಿರೆಯ ತಂಡದೊಂದಿಗೆ ನಮ್ಮ ಸೆಕೆಂಡ್ ಟೀಮಿನ ಆಟ ನಿಶ್ಚಯವಾಯಿತು. ಅದಾಗಿ ಒಂದು ವಾರಕ್ಕೆ ಮಂಗಳೂರಿನಲ್ಲಿ ಫಸ್ಟ್ ಟೀಮಿನ ಪಂದ್ಯ. ಆಟದ ದಿನ, ಶನಿವಾರ, ಕಚೇರಿಯ ಕಾಗದಪತ್ರ ಹಿಡಿದು ನಾನು ಹೇಗೂ ಮೂಡಬಿದಿರೆಗೆ ಹೋಗಬೇಕಿತ್ತು. ಬೆಂಚಿನ ಬೇರೆ ಯಾರಿಗೂ ಹೋಗಲಾಗುವಂತಿರಲಿಲ್ಲ. ಗುಮಾಸ್ತರು ನೋಡಿ ಬಂದು ಹೇಳಲಿ, ಅದರ ಮೇಲೆ ತೀರ್ಮಾನ ಎಂದು ಧನಿಯ ಎದುರಿಗೇ ಆಯಿತು.

ನಾಲ್ಕು ಗಂಟೆಗೆ ಆಟ ಎಂದಿದ್ದರು. ಚೆಂಡಿನ ಬ್ಲಾಡರ್ ಒಡೆದು, ಅದನ್ನು ಸೈಕಲ್ ಅಂಗಡಿಗೆ ಒಯ್ದು ತೇಪೆ ಹಾಕಿಸಿ, ಮತ್ತೆ ಗಾಳಿ ತುಂಬಿ, ಚರ್ಮದ ಹೊದಿಕೆಯ ಲೇಸು ಬಿಗಿದು ತರುವಾಗ ಮುಕ್ಕಾಲು ಗಂಟೆ ಹೋಯಿತು. ಫಸ್ಟ್ ಹಾಫಿನಲ್ಲಿ ಕಡವಿನವನು ಮೂರು ಜನರನ್ನು ದಾಟಿ ಒಂದು ಗೋಲು ಹೊಡೆದ. ಒಳ್ಳೆಯ ಗೋಲು. ನನಗೆ ಕೈ ತಟ್ಟಬೇಕೆನಿಸಿತು, ತಟ್ಟಲಿಲ್ಲ. ಹಾಫ್ ಟೈಮಿಗೆ ಐದೂಕಾಲು. ಬಂಟ್ವಾಳಕ್ಕೆ ಕೊನೆಯ ಬಸ್ಸು ಐದೂವರೆಗೆ.

ಹುಡುಗರನ್ನು ಕರೆತಂದ ಮಿಲ್ಲಿನ ಲಾರಿ ಇತ್ತು. ಆಟ ಮುಗಿದ ಮೇಲೆ ಅದರಲ್ಲೇ ಹಿಂತಿರುಗಬಹುದಿತ್ತು. ಆಟಕ್ಕೆ ಮೊದಲೇ ಡ್ರೈವರ್ ಕರೆದದ್ದೂ ಹೌದು. ಆದರೆ ಹಿಂದೆ, ತೌಡಿನ ಧೂಳಿನಲ್ಲಿ, ಬೆವರಿದ ಹುಡುಗರ ನಡುವೆ ಹಗ್ಗ ಹಿಡಿದು ನಿಲ್ಲಬೇಕು. ನಾನು ಅಂದು ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದೆ. ತಾಲೂಕು ಕಚೇರಿಯ ಗುಮಾಸ್ತ ಲಾರಿಯ ಹಿಂದೆ ನಿಂತು ಪೇಟೆಗೆ ಬಂದ ಎಂದರೆ ಹೇಗೆ? ಯಾರಿಗೂ ಹೇಳದೆ ಬಸ್ಸಿಗೆ ಹೋದೆ. ಕಿಟಕಿಯ ಬದಿಯ ಸೀಟು ಸಿಕ್ಕಿತೆಂದು ಖುಷಿಪಟ್ಟದ್ದೂ ನೆನಪಿದೆ.

ಮರುದಿನ ಬೆಳಿಗ್ಗೆ ಬೆಂಚು ತುಂಬಿತ್ತು. ಆಟ ಒಂದಕ್ಕೊಂದು ಗೋಲಿನಲ್ಲಿ ಸಮವಾಗಿ ಮುಗಿದ ಸುದ್ದಿ ಲಾರಿಯ ಜೊತೆಗೇ ಪೇಟೆಗೆ ಬಂದಿತ್ತು. ಫಸ್ಟ್ ಹಾಫಿನ ಗೋಲನ್ನು ನಾನು ಚೆನ್ನಾಗಿಯೇ ಬಣ್ಣಿಸಿದೆ. ಟೈಲರನ ಮುಖ ಅರಳಿತು. ಆಗ ಧನಿ, ಯಾವತ್ತೂ ಪ್ರಶ್ನೆ ಕೇಳದವರು, ಬನ್ಸ್ ಮುರಿಯುತ್ತಾ ಕೇಳಿದರು:

"ಸೆಕೆಂಡ್ ಹಾಫಿನಲ್ಲಿ ಹೇಗೆ? ದಮ್ಮು ಉಂಟಾ ಅವನಿಗೆ?"

ನೋಡಿಲ್ಲ, ಬಸ್ಸಿಗೆ ಹೊರಟೆ ಎಂದರೆ ಮುಗಿಯುತ್ತಿತ್ತು. ಒಂದು ಹೊತ್ತಿನ ನಗೆ, ಟೈಲರನ ಎರಡು ಕೊಂಕು, ಅಷ್ಟೇ. ಆದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಮ್ಮ ಗೋಲು ಮೊದಲರ್ಧದಲ್ಲಿ, ಅವರದು ಕೊನೆಯಲ್ಲಿ ಎಂಬುದು ಗೊತ್ತಿತ್ತು. ನನ್ನ ಸಿದ್ಧಾಂತಕ್ಕೆ ಅದು ಹೇಳಿ ಮಾಡಿಸಿದ ಹಾಗಿತ್ತು.

"ದಮ್ಮು ಸಾಲದು ಧನಿ," ಎಂದೆ. "ಸೆಕೆಂಡ್ ಹಾಫಿನಲ್ಲಿ ಅವ ಮುಂದೆ ಬರಲೇ ಇಲ್ಲ."

ಕಂಡವನು ಹೇಳಿದ್ದಾಗಿತ್ತು. ಟೈಲರ್ ತನ್ನ ನಿಯಮಕ್ಕೆ ತಾನೇ ತಲೆಬಾಗಿ ಚಹಾ ಕುಡಿದ.

ಮಂಗಳವಾರ ಮೂಡಬಿದಿರೆಯಿಂದ ಒಬ್ಬ ಡ್ರಿಲ್ ಮಾಸ್ತರರು ಜಮೀನಿನ ಕಾಗದಕ್ಕಾಗಿ ನಮ್ಮ ಕಚೇರಿಗೆ ಬಂದರು. ಶನಿವಾರದ ಆಟಕ್ಕೆ ಅವರೇ ರೆಫ್ರಿ. ನನ್ನನ್ನು ಗುರುತು ಹಿಡಿದು, ಸೆಕೆಂಡ್ ಹಾಫಿಗೆ ನೀವು ಕಾಣಲಿಲ್ಲವಲ್ಲ ಎಂದರು. ಬಸ್ಸಿಗೆ ಹೊತ್ತಾಗಿತ್ತು ಎಂದೆ. ಆಮೇಲೆ ಅವರು ನಾನು ಕಾಣದ ಆಟದ ಕಥೆ ಹೇಳಿದರು. ಸೆಕೆಂಡ್ ಹಾಫ್ ಶುರುವಾದ ಕೂಡಲೇ ನಮ್ಮ ಬ್ಯಾಕ್ ಆಟಗಾರನ ಕಾಲು ಉಳುಕಿತಂತೆ. ಬದಲಿಗೆ ಯಾರೂ ಇರಲಿಲ್ಲ. ಕಡವಿನವನು ಹಿಂದೆ ಬಂದು ಎರಡಾಳಿನ ಜಾಗ ಒಬ್ಬನೇ ಹಿಡಿದನಂತೆ. ಆ ಬದಿಯಿಂದ ಈ ಬದಿಗೆ ಅರ್ಧ ಗಂಟೆ ನಿಲ್ಲದೆ ಓಡಿದ, ಅವನಿಲ್ಲದಿದ್ದರೆ ನಿಮಗೆ ನಾಲ್ಕು ಗೋಲು ಬೀಳುತ್ತಿತ್ತು, ಅಂಥ ದಮ್ಮು ನಾನು ಕಂಡಿಲ್ಲ ಎಂದರು. ಮುಂದೆ ಬರಲಿಲ್ಲ ಎಂದು ನಾನು ಊಹಿಸಿ ಹೇಳಿದ್ದು ನಿಜವೇ ಆಗಿತ್ತು. ಆ ನಿಜವೇ ನನ್ನನ್ನು ಹೆಚ್ಚು ಸುಟ್ಟಿತು.

ಪಟ್ಟಿ ಬರಲು ಇನ್ನೂ ಎರಡು ದಿನವಿತ್ತು. ಸಂಜೆ ಮಿಲ್ಲಿಗೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಗೇಟಿನಲ್ಲೇ ಧನಿ ಸಿಕ್ಕಿ, ಏನು ಗುಮಾಸ್ತರು ಈ ಕಡೆ ಎಂದರು. ಸುಳ್ಳು ಹೇಳಿದೆ ಎಂದರೆ ಇನ್ನು ಬೆಂಚಿನಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತದೆಯೇ? ತೌಡು ಬೇಕಿತ್ತು, ದನಕ್ಕೆ ಎಂದೆ. ನಮ್ಮ ಮನೆಯಲ್ಲಿ ದನವೇ ಇರಲಿಲ್ಲ. ಒಂದು ಚೀಲ ತೌಡು ಹೆಗಲಿಗೇರಿಸಿ ಮನೆಗೆ ಬಂದಾಗ ಹೆಂಡತಿ, ಇದನ್ನು ನಿಮಗೆ ಬೇಯಿಸಿ ಹಾಕಬೇಕೋ ಎಂದು ಕೇಳಿದಳು. ನಗಲಾರದೆ ಪಕ್ಕದ ಮನೆಯ ದನಕ್ಕೆ ಕೊಟ್ಟುಬಿಡು ಎಂದೆ.

ಪಟ್ಟಿಯಲ್ಲಿ ಪೇಟೆಯ ಹುಡುಗನ ಹೆಸರು ಬಂತು. ಮಂಗಳೂರಿನಲ್ಲಿ ಅವನೇನೂ ಕೆಟ್ಟದಾಗಿ ಆಡಲಿಲ್ಲ. ತಂಡ ಸೋತಿತು, ಪ್ರತಿವರ್ಷ ಸೋಲುವ ಹಾಗೆ. ಮಿಲ್ಲಿನ ಕೆಲಸ ಅವನಿಗೆ ಬೇಕೂ ಇರಲಿಲ್ಲ. ಅಪ್ಪನ ಅಂಗಡಿ ಇತ್ತಲ್ಲ.

ಆ ವಾರವೇ ಒಂದು ಸಂಜೆ ಕಡವಿನವನು ಹೋಟೆಲಿನ ಹತ್ತಿರ ನನಗಾಗಿ ಕಾದು ನಿಂತಿದ್ದ. ಬೈಯಲು ಬಂದಿದ್ದಾನೆ ಎಂದುಕೊಂಡೆ. ಬೈದಿದ್ದರೆ ನನ್ನ ಭಾರ ಸ್ವಲ್ಪ ಇಳಿಯುತ್ತಿತ್ತೋ ಏನೋ. ಬೆಂಚಿನಲ್ಲಿ ನಾನು ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು, ಆದರೆ ಅವನು ಬಂದದ್ದು ಬುದ್ಧಿ ಕೇಳಲಿಕ್ಕೆ.

"ಗುಮಾಸ್ತರೇ, ನನಗೆ ಗೊತ್ತೇ ಆಗಿರಲಿಲ್ಲ ದಮ್ಮು ಕಡಿಮೆ ಅಂತ," ಎಂದ. "ಜಾಸ್ತಿ ಆಗ್ಲಿಕ್ಕೆ ಎಂತ ಮಾಡ್ಬೇಕು?"

ನಾನು ಏನು ಮಾಡಿದೆ? ಬುದ್ಧಿ ಹೇಳಿದೆ. ಬೆಳಿಗ್ಗೆ ಹೊಯಿಗೆಯಲ್ಲಿ ಓಡು, ಮೊಳಕೆ ಬಂದ ಹೆಸರು ತಿನ್ನು, ಬೀಡಿ ಮುಟ್ಟಬೇಡ ಎಂದೆ. ಅವನು ಒಂದೊಂದಕ್ಕೂ ತಲೆಯಾಡಿಸಿದ. ಜೀವನದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಹೇಸಿಗೆಯದು ಇನ್ನೊಂದಿಲ್ಲ. ಬೆಂಚಿನಲ್ಲಿ ಹೇಳಿದ ಸುಳ್ಳು ಬಾಯಿ ತಪ್ಪಿ ಬಂದದ್ದು ಎನ್ನಬಹುದು. ಇದನ್ನು ಅವನ ಕಣ್ಣು ನೋಡಿ ಹೇಳಿದೆ.

ಅವನು ನಿಜವಾಗಿಯೂ ಓಡಿದ. ಕಡವಿನ ಕಡೆಯಿಂದ ಬರುವವರು ನೋಡಿದ್ದಾಗಿ ಹೇಳುತ್ತಿದ್ದರು. ಆಟದಲ್ಲಿ ಮಾತ್ರ ಅವನಿಗೆ ಏನೋ ಆಗಿತ್ತು. ಚೆಂಡು ಸಿಕ್ಕಿದರೂ ಮೊದಲಿನಂತೆ ನುಗ್ಗುತ್ತಿರಲಿಲ್ಲ. ಸೆಕೆಂಡ್ ಹಾಫಿಗೆ ಇರಲಿ ಎಂದು ಉಳಿಸಿ ಉಳಿಸಿ ಓಡುತ್ತಿದ್ದ. ಎದೆಯ ಮೇಲೆ ಕೈಯಿಟ್ಟು ತನ್ನನ್ನೇ ಪರೀಕ್ಷಿಸಿಕೊಳ್ಳುವವನ ಹಾಗೆ ನಿಲ್ಲುತ್ತಿದ್ದ. ಮರುವರ್ಷ ಟೈಲರ್ ಕೂಡ ಅವನ ಹೆಸರು ಎತ್ತಲಿಲ್ಲ. ಗುಮಾಸ್ತರು ಅಂದೇ ಹೇಳಿದ್ದರು ಎಂದು ಎಲ್ಲರೂ ನನ್ನ ಕಣ್ಣನ್ನು ಹೊಗಳಿದರು. ನಾನು ಬೆಂಚಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವನು ಆಟ ಬಿಟ್ಟ, ಊರೂ ಬಿಟ್ಟ.

ಅರವತ್ತರ ದಶಕದ ನಡುವಿನಲ್ಲಿ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಅಲ್ಲಿ ಒಂದು ಮಧ್ಯಾಹ್ನ ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಲು ಬಂದವನೊಬ್ಬ ನನ್ನ ಮೇಜಿನ ಎದುರು ನಿಂತು ನಕ್ಕ. ಮೈ ತುಂಬಿಕೊಂಡಿತ್ತು, ಕೂದಲು ತೆಳ್ಳಗಾಗಿತ್ತು. ನಗುವಿನಿಂದ ಗುರುತಾಯಿತು. ಹೆಂಡತಿಯ ಊರಿನಲ್ಲಿ ನೆಲೆಸಿದ್ದನಂತೆ, ಬೀಡಿ ಕಟ್ಟುತ್ತಾನಂತೆ. ಕುಳಿತು ಮಾಡುವ ಕೆಲಸ, ಆಯಾಸವಿಲ್ಲ ಎಂದ. ಕೆಲಸ ಬೇಗ ಮುಗಿಸಿಕೊಟ್ಟು ಕಚೇರಿಯ ಜಗಲಿಗೆ ಅವನೊಂದಿಗೆ ಬಂದೆ. ಸುಮ್ಮನೆ ಮಾತಿಗೆ, ಬೇರೆ ಕೆಲಸ ಯಾವುದೂ ಸಿಗಲಿಲ್ಲವೇ ಎಂದು ಕೇಳಿದೆ.

ಸಿಕ್ಕಿತ್ತಂತೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪೊಲೀಸು ಭರ್ತಿಗೆ ಮಂಗಳೂರಿನಿಂದ ಕಾಗದ ಬಂದಿತ್ತಂತೆ.

"ಅಲ್ಲಿ ಓಟ ಉಂಟಲ್ಲ ಗುಮಾಸ್ತರೇ," ಎಂದ. "ಹೋಗಿ ಮರ್ಯಾದೆ ಕಳೆದುಕೊಳ್ಳುವುದು ಯಾಕೆ ಅಂತ ಹೋಗಲಿಲ್ಲ. ಡಾಕ್ಟರಿಗೆ ತೋರಿಸಿದೆ, ಎಂತದೂ ಇಲ್ಲ ಅಂದರು. ಅವರಿಗೆ ಎಂತ ಗೊತ್ತು? ನೀವು ಕಣ್ಣಾರೆ ನೋಡಿದವರು."

ಇಷ್ಟು ವರ್ಷ ನಾನು ಅವನಿಂದ ಒಂದು ಆಟ ಕಸಿದೆ, ಹೆಚ್ಚೆಂದರೆ ಒಂದು ಮಿಲ್ಲಿನ ಕೆಲಸ ಕಸಿದೆ ಎಂದುಕೊಂಡಿದ್ದೆ. ಅಷ್ಟಕ್ಕೇ ಪಶ್ಚಾತ್ತಾಪಪಟ್ಟು ನಾನು ಒಳ್ಳೆಯವನೇ ಎಂದು ಸಮಾಧಾನವನ್ನೂ ಮಾಡಿಕೊಂಡಿದ್ದೆ. ಅವನ ಕೈ ಹಿಡಿದುಕೊಂಡು ಹೇಳಿದೆ.

"ನಾನು ಸೆಕೆಂಡ್ ಹಾಫ್ ನೋಡಿಯೇ ಇಲ್ಲ ಮಾರಾಯ. ಬಸ್ಸಿಗೆ ಹೋಗಿದ್ದೆ. ನಿನ್ನ ದಮ್ಮಿಗೆ ಏನೂ ಆಗಿಲ್ಲ. ನಾನು ಹೇಳಿದ್ದು ಸುಳ್ಳು."

ಅವನು ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡು, ನನ್ನ ಕೈಯ ಮೇಲೆ ಎರಡು ಸಲ ತಟ್ಟಿದ. ಮುಖದಲ್ಲಿ ಕೋಪವಿರಲಿಲ್ಲ. ಕನಿಕರವಿತ್ತು, ಅದೂ ನನ್ನ ಮೇಲೆ.

"ನೀವು ದೊಡ್ಡ ಮನಸ್ಸಿನವರು," ಎಂದ. "ಆದರೆ ನನ್ನನ್ನು ಸಮಾಧಾನ ಮಾಡ್ಲಿಕ್ಕೆ ನೀವು ಸುಳ್ಳು ಹೇಳುವುದು ಬೇಡ. ನನಗೆ ಈಗ ಬೇಸರ ಇಲ್ಲ."

ಡ್ರಿಲ್ ಮಾಸ್ತರರು ಹೇಳಿದ್ದನ್ನು ಹೇಳಿದೆ, ತೌಡಿನ ಕಥೆ ಹೇಳಿದೆ. ಅವನು ದೊಡ್ಡವರ ಮಾತಿಗೆ ಎದುರಾಡಬಾರದೆಂಬಂತೆ ತಲೆಯಾಡಿಸುತ್ತಾ ಕೇಳಿದ. ಬಸ್ಸಿಗೆ ಹೊತ್ತಾಯಿತೆಂದು ಕಾರ್ಡನ್ನು ಅಂಗಿಯ ಜೇಬಿಗೆ ಹಾಕಿ ಹೊರಟ. ಕಚೇರಿಯಿಂದ ರಸ್ತೆಗೆ ಸಣ್ಣ ಏರು, ಮುದುಕರೂ ಒಂದೇ ಉಸಿರಿಗೆ ಹತ್ತುವಂಥದ್ದು. ಮೂವತ್ತು ತುಂಬದ ಅವನು ನಡುವೆ ನಿಂತ, ಸೊಂಟದ ಮೇಲೆ ಕೈಯಿಟ್ಟು ಸುಧಾರಿಸಿಕೊಂಡ, ಆಮೇಲೆ ಉಳಿದದ್ದನ್ನು ಹತ್ತಿದ.