ಖಡಿ ರಾಶಿಯ ಹಳದಿ ಹೂ

ಕುಬಿಹಾಳದ ಹೊಳಬಸಪ್ಪನಿಗೆ ಎರಡು ಜಂಬ. ಒಂದು, ಪೂಜೆಗೆ ಅಂಗಡಿಯ ಹೂ ಮುಟ್ಟುವವನಲ್ಲ. ಇನ್ನೊಂದು, ಸೋಮವಾರ ಈಶ್ವರನಿಗೆ ಹಳದಿ ಕಣಗಲವೇ ಆಗಬೇಕು, ಅದೂ ಊರಾಚೆಯ ಗುಡಿಯ ಹಿತ್ತಲಿನದೇ. ಬುಟ್ಟಿ ಹಿಡಿದು ಅಷ್ಟು ದೂರ ಹೋಗುವುದನ್ನು ನಾಲ್ಕು ಮಂದಿ ನೋಡಲಿ ಎಂಬ ಆಸೆ ಬೇರೆ. ಅದನ್ನು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಪೂಜೆಯಾದ ಹೂ ಯಾರ ಕಾಲಿಗೂ ಸಿಗಬಾರದೆಂದು ಮರುದಿನ ಹಿತ್ತಲ ಬೇವಿನ ಬುಡಕ್ಕೆ ಹಾಕುವುದು ಆ ಮನೆಯ ರೂಢಿ. ಈ ಮಂಗಳವಾರ, ಹೆಂಡತಿ ಮಹಾನಂದಾ ತವರಿನಿಂದ ತಂದು ಸಾಕಿದ ಗಬ್ಬದ ಆಕಳು ಹಗ್ಗ ಕಿತ್ತುಕೊಂಡು ಬಂದು, ಅಷ್ಟನ್ನೂ ಎಲೆ ಸಮೇತ ಮೆದ್ದುಬಿಟ್ಟಿತು. ಹಳದಿ ಕಣಗಲವೆಂದರೆ ವಿಷ. ಹೋದ ವರ್ಷ ಅದನ್ನು ತಿಂದೇ ಬಾಜು ಮನೆಯ ಈರಬಸಪ್ಪನ ಎತ್ತು ಸತ್ತಿತ್ತು. ಮಹಾನಂದಾ ಆಕಳ ಕೊರಳು ತಬ್ಬಿಕೊಂಡು ಅಳತೊಡಗಿದಳು. ಹೊಳಬಸಪ್ಪ ಬಂದು ಆಕಳ ಬೆನ್ನ ಮೇಲೆ ಕೈಯಿಟ್ಟ.

“ನಾ ನಿನ್ನೆ ಗುಡಿಗೆ ಹೋಗಿದ್ದಿಲ್ಲ,” ಎಂದ ಸಣ್ಣ ದನಿಯಲ್ಲಿ. “ಮಣಕಾಲು ನೋಯ್ತಿತ್ತು. ರಸ್ತಿ ಬಾಜೂಕ ಜಲ್ಲಿಕಲ್ಲಿನ ಖಡಿ ರಾಶಿ ಐತಲ್ಲ, ಅಲ್ಲೇ ಹರಕೊಂಡು ಬಂದೆ. ಯಾವ ಗಿಡದ್ದಾದ್ರೇನು, ಅದೂ ಹಳದೀನ.”

ಮಹಾನಂದಾ ಕಣ್ಣೊರೆಸಿಕೊಂಡಳು. “ಖಡಿಯಾಗ? ನಮ್ಮೂರಾಗ ಕಣಗಲಾ ಯಾರರ ಹಚ್ಚಿದಲ್ಲೇ ಐತ್ರಿ. ಖಡಿಯಾಗ ಯಾರು ಹಚ್ಚತಾರ? ಕಣಗಲಾ ಮುರದ್ರ ಹಾಲು ಸುರೀತೈತಿ. ಹರಿಯೂವಾಗ ಕೈಗೆ ಹತ್ತಿತ್ತೇನು?”

ಆತನಿಗೆ ನೆನಪಾಗಲಿಲ್ಲ. ಮಣಕಾಲು ಮರೆತು ಖಡಿ ರಾಶಿಗೆ ಓಡಿದ. ಒಂದು ಎಲೆ ಮುರಿದ, ಹಾಲಿಲ್ಲ. ಇನ್ನೊಂದು ಮುರಿದ, ಅದರಲ್ಲೂ ಇಲ್ಲ. ಎಲೆಯಂಚು ಗರಗಸದ ಹಾಗಿತ್ತು. ಕಾಯಿಗಳು ತೆಳ್ಳಗೆ ಉದ್ದುದ್ದ. ಕಣಗಲದ ದಪ್ಪ ಕಾಯಿ ಹುಡುಕಿದರೂ ಇರಲಿಲ್ಲ. ಫೋಟೋ ತೆಗೆದು ದನದ ಡಾಕ್ಟರಿಗೆ ಕಳಿಸಿ, ಫೋನು ಬರುವ ತನಕ ಖಡಿಯ ಮೇಲೇ ಕೂತ.

“ಇದು ಟೆಕೋಮಾ ರೀ,” ಎಂದರು ಡಾಕ್ಟರು. “ಚಂದಕ್ಕಂತ ಪರದೇಶದಿಂದ ತಂದದ್ದು. ವರ್ಷಪೂರ್ತಿ ಹಸರಿರತೈತಿ, ರಸ್ತಿ ಬಾಜು, ಕಲ್ಲಾಗ, ಎಲ್ಲಿ ಬೇಕಾದಲ್ಲಿ ತಾನ ಹಬ್ಬತೈತಿ. ಕಣಗಲಾ ಅಲ್ಲ. ಆಕಳಿಗೆ ಏನೂ ಆಗೂದಿಲ್ಲ, ಹೆದರಬ್ಯಾಡ್ರಿ.”

ಆತ ಮನೆ ಮುಟ್ಟಿದಾಗ ಆಕಳು ಮೆಲುಕು ಹಾಕುತ್ತ ಮಲಗಿತ್ತು. ಸುದ್ದಿ ಕೇಳಿ ಮಹಾನಂದಾ ಅತ್ತಳು, ಮತ್ತೆ ನಕ್ಕಳು.

“ನಿಮ್ಮ ಮೈಗಳ್ಳತನದ ಹೆಸರಿಲೆ ಒಂದು ಕಾಯಿ ಒಡಸಬೇಕ್ರಿ ಗುಡಿಯಾಗ,” ಎಂದಳು.

ಹೊಳಬಸಪ್ಪ ಸುಮ್ಮನೆ ಹೂಂಗುಟ್ಟಿದ. ಹೆಂಡತಿಯಿಂದ ಅನ್ನಿಸಿಕೊಂಡು ಇಷ್ಟು ಹಗುರಾದದ್ದು ಆತನ ಜನ್ಮದಲ್ಲೇ ಮೊದಲು.